ಅಮೀನಗಡದಲ್ಲಿ ಇಳಿಸಿದ ಗಾಳಿ

ಶಿವಗಂಗಾ ಅಕ್ಕೋರು ಹುನಗುಂದದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ. ಮನೆ ಇಳಕಲ್ಲಿನಲ್ಲಿ. ನಲವತ್ತು ದಾಟಿದ ಮೇಲೆ ಕಾರು ಓಡಿಸಲು ಕಲಿತರು. ತಮ್ಮ ಪಗಾರದಲ್ಲೇ ಒಂದು ಬಿಳಿ ಕಾರು ಕೊಂಡು ದಿನಾ ಹುನಗುಂದದ ಸಾಲಿಗೆ ಹೋಗಿಬರುತ್ತಿದ್ದರು. ಗಂಡ ವಿಜಯಮಹಾಂತೇಶ ಸೊಸಾಯಿಟಿಯೊಂದರಲ್ಲಿ ನೌಕರ. ಕಾರು ನಡೆಸಲು ಕಲಿಯಲೇ ಇಲ್ಲ. ಹಾಗಂತ ಬಾಯಿ ಸುಮ್ಮನಿರುತ್ತದೆಯೇ? ಹೆಂಡತಿ ಗೇರು ಹಾಕಿದರೂ ಒಂದು ಮಾತು, ಬ್ರೇಕು ಒತ್ತಿದರೂ ಒಂದು ಮಾತು.

ಅಕ್ಕೋರು ಸ್ವಭಾವತಃ ಅಚ್ಚುಕಟ್ಟು. ವಾರಕ್ಕೊಮ್ಮೆ ಬೆಳಿಗ್ಗೆ, ಗಾಡಿ ಇನ್ನೂ ಓಡಿ ಬಿಸಿಯಾಗುವ ಮೊದಲೇ, ಓಣಿಯ ತುದಿಯ ಪೆಟ್ರೋಲು ಪಂಪಿಗೆ ಹೋಗಿ ಚಕ್ರಗಳ ಗಾಳಿ ನೋಡಿಸುತ್ತಿದ್ದರು. ಎಷ್ಟು ಹಾಕಬೇಕೆಂದು ಕಂಪನಿಯವರು ಚಾಲಕರ ಬಾಗಿಲಿನ ಒಳಬದಿಯ ಚೀಟಿಯಲ್ಲಿ ಅಚ್ಚು ಹಾಕಿರುತ್ತಾರೆ. ಒಬ್ಬಿಬ್ಬರಿದ್ದರೆ ಇಷ್ಟು, ಗಾಡಿ ತುಂಬ ಜನ, ಸಾಮಾನು ಇದ್ದರೆ ಹಿಂದಿನ ಚಕ್ರಕ್ಕೆ ಇನ್ನೊಂದಿಷ್ಟು ಹೆಚ್ಚು. ಅಕ್ಕೋರು ಅದರಂತೆಯೇ ನಡೆಯುತ್ತಿದ್ದರು.

ಆ ವರ್ಷ ಮೇ ತಿಂಗಳಲ್ಲಿ ಶಿವಯೋಗ ಮಂದಿರದಲ್ಲಿ ಸಂಬಂಧಿಕರ ಮನೆಯ ಹುಡುಗನಿಗೆ ಲಿಂಗದೀಕ್ಷೆ ಕೊಡುವ ಅಯ್ಯಾಚಾರ ಇತ್ತು. ಅತ್ತೆ ಗುರುಲಿಂಗವ್ವ ಮುಂದಿನ ಸೀಟಿನಲ್ಲಿ. ಗಂಡ, ನಾದಿನಿ ಭುವನೇಶ್ವರಿ ಹಿಂದೆ. ಡಿಕ್ಕಿಯಲ್ಲಿ ಕರ್ಚಿಕಾಯಿ ಡಬ್ಬಿ, ಹಾಸಿಗೆ, ನೀರಿನ ಕ್ಯಾನು. ಹೊರಡುವ ಮುನ್ನ ಅಕ್ಕೋರು ಹಿಂದಿನ ಚಕ್ರಗಳಿಗೆ ಗಾಳಿ ಹೆಚ್ಚಿಸಿದ್ದರು.

ಅಮೀನಗಡಕ್ಕೆ ಬರುವಷ್ಟರಲ್ಲಿ ಬಿಸಿಲು ಕೆಂಡವಾಗಿತ್ತು. ಪೆಟ್ರೋಲು ಹಾಕಿಸಲು ನಿಂತಾಗ ವಿಜಯಮಹಾಂತೇಶ ಇಳಿದು, ಪಂಪಿನವನ ಕೈಲಿ ಹಿಂದಿನ ಚಕ್ರಕ್ಕೆ ಮೀಟರು ಹಿಡಿಸಿದರು. ಮುಳ್ಳು ಚೀಟಿಯ ಅಂಕಿಗಿಂತ ಸಾಕಷ್ಟು ಮೇಲಿತ್ತು.

"ನೋಡಿಲ್ಲೆ! ಬಿಸಲಾಗ ಹೆಂಗ ಉಬ್ಬ್ಯಾವ! ಒಡದ ಹೋಗ್ತಾವ. ಗಾಳಿ ಇಳಸಪಾ."

"ಬ್ಯಾಡ್ರಿ," ಎಂದರು ಅಕ್ಕೋರು. "ಓಡಿದ ಗಾಲಿ ಬಿಸಿ ಆಗಿ ಗಾಳಿ ಹೆಚ್ಚಿಗಿ ತೋರಸೂದ. ಆ ಚೀಟಿ ಲೆಕ್ಕ ತಣ್ಣಗಿದ್ದಾಗಿಂದು. ಈಗ ಇಳಸಿದ್ರ ಕಡಿಮಿ ಬೀಳತೈತಿ. ಕಡಿಮಿ ಇದ್ದಾಗ ಗಾಲಿ ಮಡಚಿ ಮಡಚಿ ಮತ್ತಿಷ್ಟು ಕಾಯತೈತಿ, ಆಗ ಒಡಿಯೂದು."

"ಸಾಲ್ಯಾಗಿನ ಪಾಠ ಸಾಲ್ಯಾಗ ಹೇಳು. ಬ್ಯಾಸಗ್ಯಾಗ ಗಾಳಿ ಕಡಿಮಿ ಇಡಬೇಕಂತ ಎಲ್ಲಾರಿಗೂ ಗೊತ್ತೈತಿ."

ಪಂಪಿನವನು ಇಬ್ಬರ ಮುಖ ನೋಡಿದ. ಆಮೇಲೆ ಗಂಡಸಿನ ಮಾತು ಕೇಳಿದ. ಚಕ್ರದಿಂದ ಗಾಳಿ ಸುಂಯ್ಯೆಂದು ಹೋಯಿತು. "ಮತ್ತ ತುಂಬಸೋಣ್ರಿ" ಎಂದು ಅಕ್ಕೋರು ಅಂದದ್ದಕ್ಕೆ, ಹಿಂದೆ ಕೂತ ನಾದಿನಿ, "ಹೊತ್ತಾಗೇತಿ ವೈನಿ, ಜಗಳ ಮನ್ಯಾಗ ಇಟ್ಕೋರಿ" ಎಂದಳು. ಅಕ್ಕೋರು ಸ್ಟೇರಿಂಗ್ ಹಿಡಿದರು.

ಐಹೊಳೆ ದಾಟಿದ ಮೇಲೆ ಬಲಗಡೆಯ ಹಿಂದಿನ ಚಕ್ರ ಢಂ ಎಂದಿತು. ಗಾಡಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊಯ್ದಾಡಿತು. ಗಾಬರಿಬಿದ್ದು ಬ್ರೇಕು ಒತ್ತುವ ತಪ್ಪು ಅಕ್ಕೋರು ಮಾಡಲಿಲ್ಲ. ಎಕ್ಸಿಲರೇಟರ್ ಬಿಟ್ಟು ಗಟ್ಟಿಯಾಗಿ ಸ್ಟೇರಿಂಗ್ ಹಿಡಿದರು. ಆದರೂ ಕಾರು ರಸ್ತೆಯ ಪಕ್ಕದ ತಗ್ಗಿಗೆ ಇಳಿದು ವಾಲಿತು. ಉಳಿದವರಿಗೆಲ್ಲ ತರಚು ಗಾಯ. ಗುರುಲಿಂಗವ್ವನ ಸೊಂಟದ ಕೆಳಗಿನ ಚಪ್ಪೆಯ ಎಲುಬು ಮುರಿಯಿತು.

ಬಾಗಲಕೋಟೆಯ ದವಾಖಾನೆಗೆ ನೋಡಲು ಬಂದ ಬೀಗರು, ಓಣಿಯವರು, ಎಲ್ಲರದೂ ಒಂದೇ ಮಾತು: "ಹೆಣ್ಣಮಕ್ಕಳ ಕೈಯಾಗ ಗಾಡಿ ಕೊಟ್ರ ಮತ್ತೇನಾಗತೈತಿ?" ಅಕ್ಕೋರು ಗಂಡನ ಕಡೆ ನೋಡುತ್ತಿದ್ದರು. ಈಗ ಹೇಳಿಯಾರು, ಇನ್ನೊಂದು ಗಳಿಗೆಗೆ ಹೇಳಿಯಾರು. ವಿಜಯಮಹಾಂತೇಶ ಬಂದವರಿಗೆ ಚಹಾ ತರಿಸಿದರು, ಅಷ್ಟೇ.

ಕೊನೆಗೆ ಅಕ್ಕೋರೇ ಬಾಯಿ ಬಿಟ್ಟರು. "ಅಮೀನಗಡದಾಗ ಗಾಳಿ ಇಳಿಸಿದವರು ಯಾರಂತ ಇವರನ್ನ ಕೇಳ್ರಿ."

"ಯಾವ ಗಾಳಿ?" ಎಂದರು ಗಂಡ. "ಹೊಡಿಲಿಕ್ಕೆ ಬರದಿದ್ರ ನೆಪ ನೂರು."

ಭುವನೇಶ್ವರಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಕ್ಕೋರು ಅತ್ತೆಯ ಮುಖ ನೋಡಿದರು. ಅವರು ಮುಂದಿನ ಸೀಟಿನಲ್ಲೇ ಇದ್ದವರು, ಎಲ್ಲ ಕೇಳಿಸಿಕೊಂಡವರು. ಗುರುಲಿಂಗವ್ವ ಕಣ್ಣು ಮುಚ್ಚಿಕೊಂಡು ಗೋಡೆಯ ಕಡೆ ಮುಖ ಹೊರಳಿಸಿದರು.

ಬಂದವರೆಲ್ಲ ಹೋದ ಮೇಲೆ ಅಕ್ಕೋರು ಅತ್ತೆಗೆ ಗಂಜಿ ಕುಡಿಸುತ್ತಿದ್ದರು. ಗುರುಲಿಂಗವ್ವ ಅವರ ಮಣಿಕಟ್ಟು ಹಿಡಿದರು.

"ನನಗ ಗೊತ್ತೈತಿ ಯವ್ವಾ. ನೀ ಬ್ಯಾಡಂದದ್ದು ಕೇಳೇನಿ. ಆದ್ರ ಅಂವ ನನ್ನ ಮಗ. ನಾಕು ಮಂದಿ ಮುಂದ ಹೆಂಗ ಅವನ ಮಾನ ಕಳೀಲಿ?"

"ನನ್ನ ಮಾನ, ಅತ್ತಿ?"

"ನೀ ಕಲಿತಾಕಿ. ತಡಕೋತಿ."

ಅಕ್ಕೋರು ಉಳಿದ ಗಂಜಿ ಕುಡಿಸಿ, ಬಟ್ಟಲು ತೊಳೆದಿಟ್ಟರು.

ಕಾರು ದುರಸ್ತಿಯಾಗಿ ಬಂದಾಗ ಗಂಡ ಮಾರುವ ಮಾತು ತೆಗೆದರು. ಗಾಡಿ ಅಕ್ಕೋರ ಹೆಸರಿನಲ್ಲಿತ್ತು. ಅವರು ಸಹಿ ಹಾಕಲಿಲ್ಲ. ಈಗಲೂ ಅದರಲ್ಲೇ ಸಾಲಿಗೆ ಹೋಗುತ್ತಾರೆ, ಒಬ್ಬರೇ. ಮನೆಯವರು ಯಾರೂ ಹತ್ತುವುದಿಲ್ಲ. ಮೊದಲು ಜೊತೆಗೆ ಬರುತ್ತಿದ್ದ ಶಾರವ್ವ ಟೀಚರೂ ಬಸ್ಸು ಹಿಡಿಯುತ್ತಾರೆ. "ಮನ್ಯಾಗ ಬೈತಾರ್ರಿ ಅಕ್ಕೋರ" ಅಂದರು ಒಮ್ಮೆ.

ಅತ್ತೆಯನ್ನು ಡಾಕ್ಟರಿಗೆ ತೋರಿಸಲು ಬಾಗಲಕೋಟೆಗೆ ಹೋಗುವುದಿದ್ದಾಗ ಬಾಡಿಗೆ ಗಾಡಿ ಬರುತ್ತದೆ. ಮುಂದೆ ವಿಜಯಮಹಾಂತೇಶ. ಹಿಂದೆ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕೋರು. ಹೋದ ಸಲದ ಡ್ರೈವರ್ ಹುನಗುಂದ ದಾಟುವವರೆಗೂ ಒಂದು ಕೈಯಲ್ಲಿ ಮೊಬೈಲು ಕಿವಿಗೆ ಹಿಡಿದು, ಒಂದೇ ಕೈಯಲ್ಲಿ ಲಾರಿಗಳನ್ನು ಹಿಂದಿಕ್ಕುತ್ತ ಹೋದ. ವಿಜಯಮಹಾಂತೇಶ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಅವನಿಗೆ ಒಂದು ಮಾತೂ ಅನ್ನಲಿಲ್ಲ.