ಮಸುಕು ಬರತ್ತೆ, ಬೇಡ

ನಮ್ಮವರ ಕೆಲಸ ತಕ್ಕಡಿ ರಿಪೇರಿ. ತಕ್ಕಡಿ ಅಂದರೆ ಈಗ ಎರಡು ತಟ್ಟೆಯದ್ದಲ್ಲ. ಅಂಗಡಿಗಳಲ್ಲಿ ಕೆಂಪು ಅಂಕಿ ಮಿನುಗಿಸುವ ಡಬ್ಬಿಗಳು, ಗೋದಾಮಿನಲ್ಲಿ ಮೂಟೆ ತೂಗುವ ಕಬ್ಬಿಣದ ಹಲಗೆಗಳು, ಔಷಧಿ ಕಾರ್ಖಾನೆಯಲ್ಲಿ ಗಾಜಿನ ಗೂಡಿನೊಳಗೆ ಕೂತು ಉಸಿರು ಬಿಟ್ಟರೂ ಅಲುಗುವ ಯಂತ್ರಗಳು. ಎಲ್ಲಿಗೇ ಹೋಗಲಿ, ಅವರ ಚೀಲದಲ್ಲಿ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಒಂದು ಹಿತ್ತಾಳೆಯ ತೂಕದ ಬಟ್ಟು ಇರುತ್ತದೆ. ಅದನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ; ಬೆರಳಿನ ಜಿಡ್ಡೂ ತೂಕವೇ ಅಂತೆ. ಬಟ್ಟೆಯಲ್ಲೇ ಹಿಡಿದು ಮೆಲ್ಲಗೆ ಯಂತ್ರದ ಮೇಲೆ ಇಟ್ಟು, ತಲೆ ಓರೆ ಮಾಡಿ ನೋಡುತ್ತಾ ನಿಲ್ಲುತ್ತಾರೆ. "ಗೊತ್ತಿಲ್ಲದ ಯಂತ್ರಕ್ಕೆ ಗೊತ್ತಿರೋ ವಸ್ತು ಇಟ್ಟು ನೋಡ್ಬೇಕು, ಆಗ ಅದರ ಬಂಡವಾಳ ತಿಳಿಯತ್ತೆ" ಅನ್ನುವುದು ಅವರ ಒಂದು ಮಾತು. "ತಪ್ಪು ತೂಗೋದಕ್ಕಿಂತ ತೂಗದೇ ಇರೋದೇ ವಾಸಿ" ಅನ್ನುವುದು ಇನ್ನೊಂದು. ಮದುವೆಯಾದಾಗಿನಿಂದ ಇವೆರಡನ್ನೇ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ಇಂಥ ಮನುಷ್ಯನ ಜೊತೆ ಸಾಮಾನು ಕೊಳ್ಳಲು ಹೋಗುವುದು ಅಂದರೆ ಒಂದು ಶಿಕ್ಷೆ. ಅಳೆದೂ ಸುರಿದೂ ಅನ್ನುವ ಮಾತು ಇವರನ್ನು ನೋಡಿಯೇ ಹುಟ್ಟಿರಬೇಕು. ಸ್ನಾನದ ಮನೆಗೆ ಒಂದು ಬಕೆಟ್ ಬೇಕು ಅಂದರೆ ಅಂಗಡಿಯಲ್ಲೇ ನೀರು ತುಂಬಿಸಿ, ಎತ್ತಿ, ಹಿಡಿಕೆ ಬಗ್ಗುತ್ತದೆಯೋ ಎಂದು ನೋಡಿ, "ಯೋಚನೆ ಮಾಡಿ ಬರ್ತೀನಿ" ಅಂದು ಖಾಲಿ ಕೈಯಲ್ಲಿ ಬಂದವರು. ಅಂಗಡಿಯವನು ನೆಲ ಒರೆಸುತ್ತಾ ನಮ್ಮನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ನನ್ನನ್ನು ಅಷ್ಟು ಬೇಗ ಹೇಗೆ ಒಪ್ಪಿದಿರಿ ಅಂತ ಒಮ್ಮೆ ಕೇಳಿದ್ದೆ. "ನೀನು ಯಂತ್ರ ಅಲ್ವಲ್ಲ" ಅಂದರು. ಅವರ ಬಾಯಿಂದ ಬಂದ ದೊಡ್ಡ ಪ್ರೇಮದ ಮಾತು ಅದೊಂದೇ.

ನಾನು ಬಸುರಿಯಾದಾಗ ಅವರಿಗೆ ಕ್ಯಾಮರಾದ ಗೀಳು ಹತ್ತಿತು. ಅವರ ಮೊಬೈಲು ಹಳೆಯದು, ಅದರಲ್ಲಿ ತೆಗೆದ ಚಿತ್ರ ಆವಿ ಹಿಡಿದ ಗಾಜಿನ ಆಚೆ ನೋಡಿದ ಹಾಗೆ ಇರುತ್ತಿತ್ತು. "ಮಗು ಬಂದ ದಿನದಿಂದ ಸರಿಯಾದ ಫೋಟೋ ತೆಗೀಬೇಕು, ಡಿಜಿಟಲ್ ಎಸ್‌ಎಲ್‌ಆರ್ ತಗೊಳ್ಳೋಣ" ಅಂದರು. ಇಬ್ಬರೂ ಸೇರಿ ಅದಕ್ಕೆಂದು ಸ್ವಲ್ಪ ಹಣ ಬೇರೆ ಇಟ್ಟೆವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಮ್ಮ ಹಾಸಿಗೆಯೋ ಕೂಸಿನ ಹಾಸಿಗೆಯಷ್ಟೇ ಇತ್ತು. ಆ ಹಣಕ್ಕೆ ಎರಡು ದಾರಿ. ಹೊಸದಾದ, ಕೆಳ ದರ್ಜೆಯ ಕ್ಯಾಮರಾ, ಜೊತೆಗೆ ಕಂಪನಿಯವರೇ ಕೊಡುವ ಎರಡು ಜೂಮ್ ಲೆನ್ಸು. ಇಲ್ಲವಾದರೆ ಯಾರೋ ಬಳಸಿದ, ಮೇಲ್ದರ್ಜೆಯ ಕ್ಯಾಮರಾ, ಜೊತೆಗೆ ಒಂದೇ ಒಂದು ಐವತ್ತು ಎಂಎಂ ಲೆನ್ಸು. ಆ ಲೆನ್ಸಿಗೆ ಹಿಂದೆ ಮುಂದೆ ಸರಿಯುವುದು ಗೊತ್ತಿಲ್ಲ, ನಾವೇ ಸರಿಯಬೇಕು. ಆದರೆ ಅದರ ಕಣ್ಣು ದೊಡ್ಡದು, ಮನೆಯೊಳಗಿನ ಮಂದ ಬೆಳಕಿನಲ್ಲೂ ಫ್ಲ್ಯಾಶ್ ಇಲ್ಲದೆ ಚಿತ್ರ ಬರುತ್ತದೆ. ಮಲಗಿದ ಮಗುವಿಗೆ ಫ್ಲ್ಯಾಶ್ ಹೊಡೆಯಬಾರದು ಅನ್ನುವುದು ನನ್ನ ವಾದ. ಮಗು ಓಡಾಡಲು ಶುರು ಮಾಡಿದರೆ ಜೂಮ್ ಬೇಕಲ್ಲ ಅನ್ನುವುದು ಅವರ ವಾದ. ಊಟದ ಹೊತ್ತಿಗೆಲ್ಲ ಇದೇ ಮಾತು. ಆ ದಿನಗಳಲ್ಲಿ ನಾವು ಬಹಳ ನಗುತ್ತಿದ್ದೆವು.

ನಾನು ಮಾತ್ರ ಯಾವ ಪರೀಕ್ಷೆಯೂ ಇಲ್ಲದೆ ಹಾಲುಬಿಳಿ ಉಣ್ಣೆ ತಂದು ಕುಲಾವಿ ಹೆಣೆಯಲು ಕೂತೆ. ಹೆಣಿಗೆ ನನಗೆ ಹೊಸದು. ಅಂಚಿನ ಹತ್ತಿರ ಒಂದು ಕಣ್ಣಿ ಕೈತಪ್ಪಿತು, ಸಾಸಿವೆ ಕಾಳು ತೂರುವಷ್ಟು ತೂತಾಯಿತು. ಬಿಚ್ಚಿ ಮತ್ತೆ ಹೆಣೆಯುವ ತಾಳ್ಮೆ ನನಗೆಲ್ಲಿ? ಹಾಗೇ ಬಿಟ್ಟೆ. ನಾದಿನಿ ಅದನ್ನು ಬೆರಳಿಗೆ ಏರಿಸಿ ತಿರುಗಿಸುತ್ತಾ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ ಅತ್ತಿಗೆ, ಅದನ್ನ ನೀನು ನಿಜ ಮಾಡಿಬಿಟ್ಟೆ" ಅಂದು ನಕ್ಕಳು. ನಾನೂ ನಕ್ಕೆ. ಆ ಗಾದೆಯನ್ನು ಈಗ ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ.

ಮಗು ದಿನ ತುಂಬುವ ಮೊದಲೇ ಬಂತು. ಹೆಣ್ಣು. ಅಳಲಿಲ್ಲ. ಅವರು ಇನ್ನೂ ಕ್ಯಾಮರಾ ಆರಿಸಿರಲಿಲ್ಲ.

ನರ್ಸಮ್ಮ ಒಳ್ಳೆಯವಳು. ಮಗುವನ್ನು ಒರೆಸಿ, ನಾನು ಹೆಣೆದ ಕುಲಾವಿ ತೊಡಿಸಿ ತಂದು ನನ್ನ ಪಕ್ಕ ಮಲಗಿಸಿದಳು. ಔಷಧಿಯ ಮಂಪರಿನಲ್ಲಿ ನನಗೆ ಕಂಡದ್ದು ಆ ಬಿಳಿ ಅಂಚು, ಅದರ ಕೆಳಗೆ ಒಂದು ಪುಟ್ಟ ಹಣೆ. ಅಷ್ಟೇ. "ಒಂದು ಫೋಟೋ ತಗೊಳ್ತೀರಾ? ಕೆಲವರು ತಗೊಳ್ತಾರೆ" ಅಂತ ಅವಳು ಇವರನ್ನು ಕೇಳಿದಳು. ಇವರು ಜೇಬಿನಿಂದ ಮೊಬೈಲು ತೆಗೆದರು, ನೋಡಿದರು, ಮತ್ತೆ ಜೇಬಿಗೆ ಹಾಕಿದರು. "ಮಸುಕು ಬರತ್ತೆ, ಬೇಡ" ಅಂದರು.

ಮನೆಗೆ ಬಂದಾಗ ತೊಟ್ಟಿಲಿಗೆ ಮಾಡಿದ ಜಾಗದಲ್ಲಿ ಒಗೆದ ಬಟ್ಟೆಯ ಬುಟ್ಟಿ ಇತ್ತು. ಪುಟ್ಟ ಬಟ್ಟೆಗಳು, ಕೆಂಪು ಗಿಲಕಿ, ಎಣ್ಣೆಯ ಬಾಟಲಿ ಯಾವುದೂ ಇರಲಿಲ್ಲ. ಅಣ್ಣ ಹೇಳಿದ ಹಾಗೆ ಎಲ್ಲ ತೆಗೆದುಕೊಂಡು ಹೋದೆ ಅಂದಳು ನಾದಿನಿ, ನನ್ನ ಮುಖ ನೋಡದೆ. ಕುಲಾವಿಯೂ ಹೋಯಿತು ಅಂದುಕೊಂಡೆ. ಕೇಳಲಿಲ್ಲ. ಕೇಳಲು ಬಾಯಿ ತೆರೆಯಬೇಕಲ್ಲ, ಅದೂ ಬೇಡವಾಗಿತ್ತು.

ಜನ ಬಂದರು. "ಇನ್ನೂ ಚಿಕ್ಕ ವಯಸ್ಸು, ಮತ್ತೆ ಆಗತ್ತೆ ಬಿಡು" ಅಂದರು, ಉಕ್ಕಿಹೋದ ಹಾಲಿನ ಬದಲು ಇನ್ನೊಂದು ಲೋಟ ಕಾಯಿಸಿಕೋ ಅನ್ನುವ ಹಾಗೆ. ನನಗೆ ಸಿಟ್ಟೂ ಬರಲಿಲ್ಲ. ಟೀ ಬಿಸಿಯಿದೆಯೋ ಆರಿದೆಯೋ ತಿಳಿಯುತ್ತಿರಲಿಲ್ಲ. ಹಸಿವು ಅನ್ನುವುದು ಮರೆತೇ ಹೋಗಿತ್ತು. ತಟ್ಟೆ ಮುಂದೆ ಬಂದರೆ ತಿನ್ನುತ್ತಿದ್ದೆ, ಬರದಿದ್ದರೆ ಇಲ್ಲ. ಅಳುವೂ ಇಲ್ಲ. ಮರಗಟ್ಟಿದ ಕಾಲನ್ನು ಜಿಗುಟಿ ನೋಡುತ್ತೇವಲ್ಲ, ಹಾಗೆ ಆಗಾಗ ಆ ಹಣೆಯನ್ನು ನೆನಪಿಸಿಕೊಂಡು ನೋಡುತ್ತಿದ್ದೆ. ಏನೂ ಆಗುತ್ತಿರಲಿಲ್ಲ.

ಆಗಿದ್ದು ಒಂದೇ ಸಲ. ಒಂದು ಶನಿವಾರ ಸಂಜೆ ಇವರು ಕೈಕಾಲು ತೊಳೆದು ಬಂದು, ಟವೆಲ್ಲು ಹಿಡಿದುಕೊಂಡೇ, "ಆ ಐವತ್ತರ ಲೆನ್ಸಲ್ಲಿ ಅಂಚು ಸ್ವಲ್ಪ ಚೆನ್ನಾಗಿ ಬರತ್ತೆ ಕಣೇ" ಅಂದರು. ಕ್ಯಾಮರಾ ಅಂಗಡಿಗೆ ಮತ್ತೆ ಹೋಗಲು ಶುರು ಮಾಡಿದ್ದರು. ಮಗುವಿನ ಬಟ್ಟೆಬರೆ ಸಾಗಹಾಕಿಸಿದ ಮನುಷ್ಯ, ಮಗುವಿನದೊಂದು ಚಿತ್ರ ಬೇಡ ಅಂದ ಮನುಷ್ಯ, ಈಗ ಯಾವ ಲೆನ್ಸಿನ ಅಂಚು ಚೆನ್ನ ಅಂತ ನೋಡುತ್ತಿದ್ದಾನೆ. ನನಗೆ ಮೈಯೆಲ್ಲ ತಣ್ಣಗಾಯಿತು.

"ನೀವು ಆ ಕ್ಯಾಮರಾ ಮನೆಗೆ ತಂದ ದಿನ ನಾನು ಅಕ್ಕನ ಊರಿಗೆ ಹೊರಡ್ತೀನಿ. ವಾಪಸ್ ಬರಲ್ಲ" ಅಂದೆ.

"ಹೂಂ" ಅಂದರು. ಟವೆಲ್ಲನ್ನು ಹಗ್ಗದ ಮೇಲೆ ಹರವಿ, ನಾಲ್ಕೂ ಮೂಲೆ ಸಮ ಮಾಡಿದರು.

ಅಕ್ಕನಿಗೆ ಹೇಳಿಟ್ಟೆ. ಅವಳು ಕೆಲಸ ಮಾಡುವ ಹೊಲಿಗೆ ಕಾರ್ಖಾನೆಯಲ್ಲಿ ಗುಂಡಿ ಹಾಕುವ ವಿಭಾಗಕ್ಕೆ ಒಬ್ಬರು ಬೇಕಿದ್ದರಂತೆ. ಸೂಟ್‌ಕೇಸ್ ತುಂಬಿ ಮಂಚದ ಕೆಳಗೆ ತಳ್ಳಿದೆ. ಇವರು ಗುಡಿಸುವಾಗ ಅದನ್ನು ಎಳೆದು, ಕೆಳಗಿನ ಧೂಳು ತೆಗೆದು, ಮತ್ತೆ ಅಲ್ಲೇ ಇಡುತ್ತಿದ್ದರು. ಶನಿವಾರ ಬಂದರೆ ಕ್ಯಾಮರಾ ಅಂಗಡಿಗೆ ಹೋಗುವುದು, ಖಾಲಿ ಕೈಯಲ್ಲಿ ಬರುವುದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನನಗೆ ಸಾಕಾಯಿತು. "ಈ ವಾರ ನಾನೂ ಬರ್ತೀನಿ. ಯಾವುದಾದ್ರೂ ಒಂದು ತಗೊಳ್ಳಿ. ಮುಗಿದುಹೋಗ್ಲಿ" ಅಂದೆ.

ಅಂಗಡಿ ಒಂದು ಸಂದಿಯೊಳಗಿತ್ತು. ಗಾಜಿನ ಕಪಾಟುಗಳಲ್ಲಿ ಹಳೆಯ, ಹೊಸ ಕ್ಯಾಮರಾಗಳು, ಪ್ರತಿಯೊಂದರ ಕೊರಳಿಗೂ ದಾರದಲ್ಲಿ ಬೆಲೆಯ ಚೀಟಿ. ದಪ್ಪ ಕನ್ನಡಕದ ಅಂಗಡಿಯವರು ಇವರನ್ನು ಕಂಡದ್ದೇ, "ಬನ್ನಿ ಟೋಪಿ ಸಾರ್" ಅಂದರು. ನನ್ನ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡಿ ಅಮ್ಮ, ಹೆಸರು ಕೇಳಿದ್ರೆ ಹೇಳಲ್ಲ ಇವರು. ಮೊದಲ ದಿನ ಟೋಪಿ ತೆಗೆದು ನನ್ನ ಮುಂದೆ ಇಟ್ಟಾಗ, ನಾನು ಗಿರಾಕಿಗಳಿಗೆ ಟೋಪಿ ಹಾಕೋನು ಅಂತ ಹೀಗೆ ಹೇಳ್ತಿದಾರೇನೋ ಅಂದ್ಕೊಂಡಿದ್ದೆ" ಎಂದು ನಕ್ಕರು.

ಯಾವ ಟೋಪಿ ಅಂತ ನನಗೆ ಅರ್ಥವಾಗಲಿಲ್ಲ. ಇವರ ಕಿವಿ ಕೆಂಪಾಗಿತ್ತು.

ಅಂಗಡಿಯವರು ಎರಡೂ ಕ್ಯಾಮರಾ ಮೇಜಿನ ಮೇಲೆ ಇಟ್ಟರು. "ಇಡಿ ಸಾರ್, ಇವತ್ತಾದ್ರೂ ತೀರ್ಮಾನ ಆಗ್ಲಿ. ನಾನು ಹೇಳೋದು ಅದೇ, ಕ್ಯಾಮರಾ ಬಾಡಿ ಹಳೇದಾದ್ರೂ ಪರವಾಗಿಲ್ಲ, ಲೆನ್ಸ್ ಒಳ್ಳೇದಿರ್ಬೇಕು."

ಇವರು ನನ್ನ ಮುಖ ನೋಡಿದರು. ಆಮೇಲೆ ಚೀಲಕ್ಕೆ ಕೈ ಹಾಕಿದರು. ತೂಕದ ಬಟ್ಟನ್ನು ಸುತ್ತುವ ಆ ಮೆತ್ತನೆಯ ಬಟ್ಟೆ ಹೊರಗೆ ಬಂತು. ಅದನ್ನು ಬಿಚ್ಚಿ, ಬೆರಳು ತಾಗದ ಹಾಗೆ ಬಟ್ಟೆಯಲ್ಲೇ ಹಿಡಿದು, ಒಳಗಿದ್ದದ್ದನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು.

ನನ್ನ ಕುಲಾವಿ.

ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ಅಂಗಡಿಯವರು ಏನೋ ಹೇಳುತ್ತಲೇ ಇದ್ದರು. ಇವರು ಮೊದಲು ಜೂಮ್ ಲೆನ್ಸಿನಲ್ಲಿ ಒಂದು ತೆಗೆದರು, ಆಮೇಲೆ ಐವತ್ತರದ್ದರಲ್ಲಿ ಒಂದು. ಹಿಂದಿನ ಪರದೆಯಲ್ಲಿ ಅದನ್ನು ದೊಡ್ಡದು ಮಾಡುತ್ತಾ ನನ್ನ ಹತ್ತಿರ ತಂದರು.

"ಎಲ್ಲ ಕೊಟ್ಟುಬಿಟ್ರಿ ಅಂದ್ಕೊಂಡಿದ್ದೆ" ಅಂದೆ.

"ಆಸ್ಪತ್ರೇಲಿ ನರ್ಸಮ್ಮ ಇದನ್ನ ತೆಗೆದು ನನ್ನ ಕೈಗೆ ಕೊಟ್ಟಿದ್ರು. ಇದೊಂದು ಕೊಡಲಿಲ್ಲ. ನಿನಗೆ ತೋರಿಸೋ ಧೈರ್ಯ ಇರಲಿಲ್ಲ." ಅವರ ಕಣ್ಣು ಪರದೆಯ ಮೇಲೇ ಇತ್ತು. "ಮುಖದ್ದು ಬೇಡ ಅಂದುಬಿಟ್ಟೆ. ಇನ್ನು ಇರೋದು ಇದೊಂದೇ. ಇದರದ್ದಾದ್ರೂ ಮಸುಕು ಬರಬಾರದು ಅಂತ."

"ಮತ್ತೆ ಇಷ್ಟು ದಿನ ಯಾಕೆ ತಗೊಳ್ಳಲಿಲ್ಲ?"

"ತಗೊಂಡ್ರೆ ನೀನು ಹೋಗ್ತೀಯಲ್ಲ."

ಅಂಗಡಿಯವರು ಒರೆಸಿದ್ದ ಗಾಜನ್ನೇ ಮತ್ತೆ ಒರೆಸತೊಡಗಿದರು. ನಾನು ಕ್ಯಾಮರಾವನ್ನು ಕೈಗೆ ತೆಗೆದುಕೊಂಡೆ. ಜೂಮಿನ ಚಿತ್ರದಲ್ಲಿ ಕುಲಾವಿ ಒಂದು ಬಿಳಿ ಮುದ್ದೆ. ಐವತ್ತರ ಚಿತ್ರದಲ್ಲಿ ಉಣ್ಣೆಯ ಒಂದೊಂದು ಎಳೆಯೂ ಬೇರೆಬೇರೆ ಇತ್ತು. ಅಂಚಿನ ಹತ್ತಿರ ನಾನು ಬಿಟ್ಟ ಕಣ್ಣಿ ಇತ್ತು. ಆ ಪುಟ್ಟ ತೂತಿನ ಕೆಳಗೇ ಅವಳ ಹಣೆ ಇದ್ದದ್ದು.

"ಇದೇ ಇರಲಿ" ಅಂದೆ. "ಇದರಲ್ಲಿ ನನ್ನ ತಪ್ಪು ಕಾಣತ್ತೆ."

"ನನಗೂ ಅದೇ ಬೇಕಿತ್ತು" ಅಂದರು.

ಮೇಜಿನ ಮೇಲಿದ್ದ ಕುಲಾವಿಯನ್ನು ನಾನು ಬರಿಗೈಯಲ್ಲೇ ತೆಗೆದುಕೊಂಡೆ. ಜಿಡ್ಡಾದರೆ ಆಗಲಿ. ಮುಷ್ಟಿ ಮಾಡಿ ಅದರ ಮೇಲೆ ತೊಡಿಸಿದೆ. ಮುಷ್ಟಿಗೆ ಸರಿಯಾಗಿ ಕೂತಿತು. ಅಷ್ಟೇ ಇದ್ದಳು ಅವಳು. "ತೆಗೀರಿ" ಅಂದೆ. ಇವರು ಕ್ಯಾಮರಾ ಕಣ್ಣಿಗೆ ಏರಿಸಿದರು. ಅಷ್ಟರಲ್ಲಿ ನನ್ನ ಕೈ ನಡುಗಲು ಶುರುವಾಯಿತು, ತೋಳು ನಡುಗಿತು, ಆಸ್ಪತ್ರೆಯಿಂದ ಬಂದ ಮೇಲೆ ಬಾರದೆ ಉಳಿದಿದ್ದ ಅಳು ಆ ಸಂದಿಯ ಅಂಗಡಿಯಲ್ಲಿ, ಗೊತ್ತಿಲ್ಲದವರ ಎದುರಿಗೆ ಬಂತು. ಆ ನಡುವೆ ಎಲ್ಲೋ ಕ್ಯಾಮರಾ ಟಕ್ಕೆಂದಿತು.

ಅವರು ಪರದೆ ನೋಡಿದರು. "ಮಸುಕು ಬಂತು" ಅಂದರು.

"ಬರಲಿ. ಅಳಿಸಬೇಡಿ."

ಹೆಬ್ಬೆರಳು ಗುಂಡಿಯ ಹತ್ತಿರವೇ ಇತ್ತು. ಅವರು ಅದನ್ನು ಒತ್ತಲಿಲ್ಲ.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಕ್ಯಾಮರಾದ ಪೆಟ್ಟಿಗೆ ಅವರ ಕೈಯಲ್ಲಿ, ಕುಲಾವಿ ನನ್ನ ಕೈಯಲ್ಲಿ. ತಿರುವಿನಲ್ಲಿ ಅವರು ನಿಂತು, ಬಸ್ ನಿಲ್ದಾಣದ ಕಡೆಗೊಮ್ಮೆ, ಮನೆಯ ಕಡೆಗೊಮ್ಮೆ ನೋಡಿದರು.

"ಹಸಿವಾಗ್ತಿದೆ" ಅಂದೆ. "ಮೊದಲು ಮನೆಗೆ ಹೋಗೋಣ."