ಹಗ್ಗ ಹಿಡಿದಿರೋದು ಯಾರು?

“ಲೋ, ಹಗ್ಗ ಎಲ್ಲೋ?” ಎಂದು ಅಣ್ಣ ಮಲಗಿದ್ದಲ್ಲೇ ಸೊಂಟ ತಡಕಾಡಿದರು. ಬನಶಂಕರಿಯ ಆರೈಕೆ ಕೇಂದ್ರದಲ್ಲಿ, ಕ್ಯಾನ್ಸರ್‌ನ ಕೊನೆಯ ಹಂತದಲ್ಲಿರುವ ಅವರಿಗೆ ಸಿಸ್ಟರ್, ದೂರದ ಜಾಗದಲ್ಲೇ ನಿಂತಂತೆ ಕಾಣಿಸುವ ವಿಆರ್ ಕನ್ನಡಕ ಹಾಕಿ ಬೆಟ್ಟದ ತುದಿ ತೋರಿಸುತ್ತಿದ್ದರು. ನಾವು ಪೇಂಟರ್‌ಗಳು. ಎತ್ತರದ ಕಟ್ಟಡಗಳಲ್ಲಿ ಅಣ್ಣ ನೇತಾಡಿಕೊಂಡು ಬಣ್ಣ ಹೊಡೆಯುವಾಗ ಮೇಲೆ ಹಗ್ಗ ಹಿಡಿಯುತ್ತಿದ್ದವನು ನಾನೇ. ಬೇರೆ ಯಾರನ್ನೂ ಅವರು ನಂಬುತ್ತಿರಲಿಲ್ಲ.

ಅವರ ಉಸಿರು ಏರಿತು. “ಕನ್ನಡಕ ತೆಗೆದುಬಿಡ್ಲಾ?” ಎಂದು ಸಿಸ್ಟರ್ ಕೇಳಿದರು. ನಾನು ಟವೆಲನ್ನು ಅಣ್ಣನ ಸೊಂಟಕ್ಕೆ ಸುತ್ತಿ ಬಿಗಿಯಾಗಿ ಹಿಡಿದೆ. “ನಾನೇ ಹಿಡ್ದಿದೀನಿ ಕಣಣ್ಣ.”

ಉಸಿರು ಇಳಿಯಿತು. “ಸ್ವಲ್ಪ ಸಡ್ಲ ಬಿಡೋ, ಕೆಳಗೆ ನೋಡ್ಬೇಕು” ಎಂದರು.

ಸಡಿಲ ಬಿಡಲು ನನ್ನಿಂದಾಗಲಿಲ್ಲ. ನಲವತ್ತು ವರ್ಷ ಕೈ ನಡುಗದೆ ದುಡಿದವನು ನಾನು. ಈಗ ದಿನವೂ ಅವರ ಪಕ್ಕ ಕೂತಾಗ ಒಂದೇ ದಿಗಿಲು: ಬಿಡುವ ಹೊತ್ತು ಬಂದರೆ ಬಿಡುತ್ತೇನೆಯೇ?