ಎಡಗೈ ಎತ್ತಿದಾಗ

ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ಚರಚರ ಸದ್ದೆದ್ದರೆ ಕ್ಷೌರಿಕ ಎದೆಯ ಮೇಲೆ ಅಂಗೈ ಇಟ್ಟುಕೊಳ್ಳುತ್ತಿದ್ದ. ಅಲ್ಲಿ ಚರ್ಮದಡಿ ಒಂದು ಪುಟ್ಟ ಯಂತ್ರವಿತ್ತು. ಹೃದಯ ಹದ ತಪ್ಪಿ ಓಡಿದರೆ ಶಾಕ್ ಕೊಟ್ಟು ದಾರಿಗೆ ತರುವುದು ಅದರ ಕೆಲಸ. ನಾಲ್ಕು ವರ್ಷ ಸುಮ್ಮನಿದ್ದದ್ದು ಈ ತಿಂಗಳು ಮೂರು ಸಲ ಒದೆಯಿತು. ಮೂರನೆಯ ಸಲ ಕೈಯಲ್ಲಿ ಕತ್ತಿಯಿತ್ತು. ಗಿರಾಕಿಯ ಕಿವಿಯಂಚು ಕೊಯ್ದು ರಕ್ತ ಬಂತು. ಅಂದಿನಿಂದ ಗಡ್ಡಕ್ಕೆ ಯಾರೂ ಕೂರಲಿಲ್ಲ. ಕೂದಲಿಗೆ ಬಂದವರೂ ಕನ್ನಡಿಯಲ್ಲಿ ತಮ್ಮ ಮುಖ ಬಿಟ್ಟು ಅವನ ಕೈಯನ್ನೇ ನೋಡುತ್ತಿದ್ದರು. ಆಸ್ಪತ್ರೆಗೆ ಹೋದರೆ ಕತ್ತಿ ಬಿಡು ಎನ್ನುತ್ತಾರೆಂದು ಅವನು ಹೋಗಿರಲಿಲ್ಲ.

"ಎಲ್ಲಾ ನಿನ್ನ ಕಿಡಿಯ ಕಿತಾಪತಿ!" ಎಂದು ವೆಲ್ಡರನ ಬಾಗಿಲಲ್ಲಿ ನಿಂತು ಕೂಗಿದ.

"ಹೌದಣ್ಣ, ನಿನ್ನೆದೆಗೇ ಗೇಟ್ ಕೂರಿಸ್ತಾ ಇದೀನಿ," ಎಂದ ವೆಲ್ಡರ್, ಮುಖವಾಡ ತೆಗೆಯದೆ.

ಮನೆಯಲ್ಲಿ ಹೆಂಡತಿ ಕೇಳಿದಳು: "ಎರಡನೇ ಸಲ ಒದ್ದಾಗ ವೆಲ್ಡರ್ ಊರಲ್ಲೇ ಇರ್ಲಿಲ್ವಲ್ಲ?"

"ಹಾಗಾದ್ರೆ ಟ್ರಿಮ್ಮರ್."

"ಅದು ಕೆಟ್ಟು ಮೂಲೇಲಿತ್ತು. ನೀವು ಮೇಲಿನ ಹಲಗೆಯಿಂದ ಟವೆಲ್ ತೆಗೀತಿದ್ರಿ. ಮೊದಲನೇ ಸಲ ಶಟರ್ ಎತ್ತುವಾಗ. ಮೊನ್ನೆ?"

ಮೊನ್ನೆ ಗಿರಾಕಿಯ ತಲೆಯ ಮೇಲಿನ ದೀಪ ತಿರುಗಿಸಲು ಎಡಗೈ ಎತ್ತಿದ್ದ. ಮೂರೂ ಸಲ ಎಡಗೈ ಮೇಲಿತ್ತೆಂಬುದು ಈಗ ಹೊಳೆಯಿತು. ಅಂದೇ ಆಸ್ಪತ್ರೆಗೆ ಹೋದರು.

ಡಾಕ್ಟರಮ್ಮ ಯಂತ್ರ ಶಾಕ್ ಕೊಡದಂತೆ ಮಾಡಿಟ್ಟು, ಅವನ ಎಡಗೈ ಎತ್ತಿಸಿದರು. ಪರದೆಯ ಮೇಲಿನ ಬಡಿತದ ಗೆರೆ ಅಡ್ಡಾದಿಡ್ಡಿ ಗೀಚಿದಂತಾಯಿತು.

"ನಿಮ್ಮ ಹೃದಯ ಅವಾಗೆಲ್ಲ ಸರಿಯಾಗೇ ಬಡೀತಿತ್ತು. ಯಂತ್ರದಿಂದ ಹೃದಯಕ್ಕೆ ಹೋಗೋ ವೈರು ಮುರೀತಾ ಬಂದಿದೆ. ಕೈ ಎತ್ತಿದಾಗ ಅದು ಎಬ್ಬಿಸೋ ಗದ್ದಲವನ್ನೇ ಯಂತ್ರ ಬಡಿತ ಅಂತ ಎಣಿಸಿದೆ. ವೈರು ಬದಲಾಯಿಸೋಣ."

"ಹೊಸ ವೈರು ಸುಳ್ಳು ಹೇಳಲ್ಲ ಅಂತ ಏನು ಗ್ಯಾರಂಟಿ?"

"ಅದಕ್ಕೇ ತಪಾಸಣೆಗೆ ಬರ್ತಾ ಇರಿ. ಶಾಕ್ ಹೊಡೆದರೆ ಅವತ್ತೇ ಬನ್ನಿ, ಊರಿನವರ ಜೊತೆ ಜಗಳ ಆಡ್ತಾ ಕೂರಬೇಡಿ."

ವೈರು ಬದಲಾಯಿಸಿ ಎರಡು ತಿಂಗಳ ನಂತರ ಹೆಂಡತಿಯೇ ಶಟರ್ ಎತ್ತಿದಳು. ಕುರ್ಚಿ ಮಧ್ಯಾಹ್ನದವರೆಗೂ ಖಾಲಿ. ಆಮೇಲೆ ವಿಷಯವೆಲ್ಲ ಕೇಳಿ ತಿಳಿದಿದ್ದ ವೆಲ್ಡರ್ ಬಂದು ಕೂತು, ಕತ್ತು ಹಿಂದಕ್ಕೆ ಒರಗಿಸಿದ.

"ಗಡ್ಡ. ಆದ್ರೆ ಮೊದಲು ಕತ್ತಿ ಕೆಳಗಿಟ್ಟು ಎಡಗೈ ಎತ್ತು, ನೋಡೋಣ."

ಕ್ಷೌರಿಕ ನಿಧಾನವಾಗಿ ಎತ್ತಿದ. ಮೂವರೂ ಉಸಿರು ಹಿಡಿದರು. ಏನೂ ಆಗಲಿಲ್ಲ.

"ಇನ್ನೊಂದು ಸಲ," ಎಂದ ವೆಲ್ಡರ್.

ಮತ್ತೆ ಎತ್ತಿದ. ಏನೂ ಆಗಲಿಲ್ಲ.

"ತಮ್ಮಾ, ಅವತ್ತು ನಾನು ನಿನ್ನ ಬಾಗಿಲಿಗೆ ಬಂದು ಸುಮ್ಮಸುಮ್ಮನೆ ಕೂಗಾಡಿ..." ಎನ್ನುತ್ತಲೇ ಕ್ಷೌರಿಕ ಬಿಸಿನೀರು ತರಲು ಒಳಗೆ ಹೋದ.